ಇಳಿತದ ಹೊತ್ತಿನ ಉದ್ಘಾಟನೆ

ನಮ್ಮೂರಿನ ಕಡಲ ದಕ್ಕೆಯ ಮೇಲೆ ಒಬ್ಬ ಹೆಂಗಸು ನಿಂತಿದ್ದಾಳೆ. ಕಂಚಿನವಳು. ಮುಖ ನನ್ನದು. ಅವಳು ಎಷ್ಟು ಹೊತ್ತು ಬೇಕಾದರೂ ಅಲ್ಲಿ ನಿಲ್ಲಬಹುದು. ನಾನು ನಿಂತರೆ ಕಾವಲುಗಾರ ಸೀಟಿ ಊದುತ್ತಾನೆ.

ಅವಳ ಬೆನ್ನು ನೆಟ್ಟಗಿದೆ. ಎಡಗೈಯಲ್ಲಿ ಕುಡುಗೋಲನ್ನು ಬಾವುಟದ ಹಾಗೆ ಎತ್ತಿ ಹಿಡಿದು, ದೂರದ ನೀರನ್ನು ನೋಡಿ ನಗುತ್ತಿದ್ದಾಳೆ. ನಮ್ಮಲ್ಲಿ ಯಾರೂ ದೂರದ ನೀರನ್ನು ನೋಡುವುದಿಲ್ಲ. ನೋಡುವುದು ಕಾಲ ಬುಡದ ಕೆಸರನ್ನು. ಕಡಲು ಇಳಿದು ಹೋದ ಮೇಲೆ ಆ ಕೆಸರಿನಲ್ಲಿ ನಮ್ಮ ಹೆಜ್ಜೆಯ ಭಾರಕ್ಕೆ ಚಿಪ್ಪಿ ಬೆದರುತ್ತದೆ, ಒಂದು ಹನಿ ನೀರು ಉಗುಳುತ್ತದೆ. ಅಲ್ಲಿ ಎರಡು ಸಣ್ಣ ತೂತು ಬೀಳುತ್ತವೆ, ಅಕ್ಕಪಕ್ಕ, ಸೂಜಿಯಿಂದ ಚುಚ್ಚಿದ ಹಾಗೆ. ಅದಕ್ಕೆ ಕಣ್ಣು ಎನ್ನುತ್ತೇವೆ. ಕಣ್ಣು ತೆರೆಯುವುದು ಕಾಲು ಎತ್ತಿದ ಮೇಲೆ. ಅದಕ್ಕೇ ಚಿಪ್ಪಿ ಆರಿಸುವ ಹೆಂಗಸರು ಸೊಂಟ ಬಗ್ಗಿಸಿ ಹಿಂದೆ ಹಿಂದೆ ನಡೆಯುತ್ತಾರೆ, ಆಗಷ್ಟೇ ತುಳಿದು ಬಿಟ್ಟ ಜಾಗವನ್ನೇ ನೋಡುತ್ತ. ಕಣ್ಣು ಕಂಡಲ್ಲಿ ಕುಡುಗೋಲಿನ ತುದಿ ಇಳಿಸಿ ಮೀಟಬೇಕು. ನಾಲ್ಕು ಗಂಟೆ ಹೀಗೆ ಮೀಟಿ ಎದ್ದು ನಿಂತರೆ ಬೆನ್ನು ಕೂಡಲೇ ಒಪ್ಪುವುದಿಲ್ಲ. ಮನೆ ತಲುಪುವವರೆಗೂ ಬಗ್ಗಿಯೇ ಇರುತ್ತದೆ.

ನಾನು ನಾಲ್ಕನೇ ತರಗತಿಗೆ ಶಾಲೆ ಬಿಟ್ಟೆ. ಅಮ್ಮನ ಮಂಡಿಗಳು ಕೈಕೊಟ್ಟಿದ್ದವು, ಅವಳ ಕುಡುಗೋಲು ಗೋಡೆಯಲ್ಲಿ ಸುಮ್ಮನೆ ನೇತಾಡುತ್ತಿತ್ತು. ಅಂದಿನಿಂದ ಅದು ನನ್ನ ಕೈಯಲ್ಲಿದೆ. ನಾವು ಆರಿಸಿದ ಚಿಪ್ಪಿಯನ್ನು ನಾವು ತಿನ್ನುವುದಿಲ್ಲ. ಲಾರಿ ಬಂದು ಒಯ್ಯುತ್ತದೆ. ಕಡಲಾಚೆ ಇಟಲಿಯವರು ತಿನ್ನುತ್ತಾರೆ. ನಮಗೆ ಅದರಿಂದ ಬಾರ್ಲಿ ಹಿಟ್ಟು ಬರುತ್ತದೆ, ಎಣ್ಣೆ ಬರುತ್ತದೆ, ಅಮ್ಮನ ಮಂಡಿಗೆ ಮುಲಾಮು ಬರುತ್ತದೆ.

ಕಂಚಿನವಳಿಗಾಗಿ ಒಬ್ಬ ಫೋಟೋಗ್ರಾಫರ್ ಬಂದಿದ್ದ. ಕೆಸರಿನಿಂದ ಹತ್ತಿ ಬರುತ್ತಿದ್ದ ನನ್ನನ್ನು ತಡೆದು ನಿಲ್ಲಿಸಿದ.

"ನೆಟ್ಟಗೆ ನಿಲ್ಲಮ್ಮ."

ನಿಂತೆ.

"ಇನ್ನೂ ನೆಟ್ಟಗೆ."

"ಇದೇ ನೆಟ್ಟಗೆ," ಅಂದಳು ನನ್ನ ಪಕ್ಕದಲ್ಲಿದ್ದ ಖಾಲ್ತಿ ಮನ್ನೂಬಿಯಾ. ಖಾಲ್ತಿ ಎಂದರೆ ಚಿಕ್ಕಮ್ಮ. ರಕ್ತಸಂಬಂಧವೇನಿಲ್ಲ. ಕೆಸರಿಗೆ ಇಳಿಯುವ ನಲವತ್ತು ಹೆಂಗಸರಿಗೂ ಅವಳು ಖಾಲ್ತಿ.

"ಸ್ವಲ್ಪ ನಗು."

ಗುರುತಿಲ್ಲದವರೆದುರು ನನಗೆ ಬಾಯಿ ಬಿಡಲು ಬರುವುದಿಲ್ಲ. ನಗು ದೂರದ ಮಾತು. ಅವನು ಬೇಸರದಿಂದ, "ಹಲ್ಲು ತೋರಿಸು, ಸಾಕು. ಉಳಿದದ್ದು ನಾವು ಸೇರಿಸ್ಕೋತೀವಿ," ಅಂದ.

ಸೇರಿಸಿಕೊಂಡರು. ಕಂಚಿನವಳ ಕಾಲ ಬಳಿ ಒಂದು ಫಲಕವಿದೆ. ಮೇಯರ್ ಹೆಸರು, ಶಿಲ್ಪಿಯ ಹೆಸರು, ಹಣ ಕೊಟ್ಟ ಸಂಸ್ಥೆಗಳ ಹೆಸರು. ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ "ಚಿಪ್ಪಿ ಆರಿಸುವ ಹೆಣ್ಣು" ಎಂದಿದೆ. ಹೆಣ್ಣಿಗೆ ಹೆಸರಿಲ್ಲ.

ಅವಳನ್ನು ಮೊದಲ ಸಲ ನೋಡಿದ ದಿನ ಖಾಲ್ತಿ ಸುತ್ತ ಒಂದು ಸುತ್ತು ಹಾಕಿ ಬಂದು ಹೇಳಿದಳು: "ಏನು ಸೊಂಟ, ಏನು ಸೊಂಟ! ಇವಳನ್ನ ಕೆಸರಿಗೆ ಇಳಿಸಿದ್ರೆ ಒಂದೇ ಹೆಜ್ಜೆಗೆ ಎದೆ ತನಕ ಹೂತುಹೋಗ್ತಾಳೆ ನೋಡು."

*

ಇದೆಲ್ಲ ಶುರುವಾದದ್ದು ಪುರಸಭೆಯ ಸಭಾಂಗಣದಲ್ಲಿ. ನಮ್ಮೂರು ಸೀದಿ ಫರ್ಜಾನಿಯ ದಕ್ಕೆ ಹಳೆಯದಾಗಿದೆ, ಅದನ್ನೂ ಅದರ ಸುತ್ತಲ ಕಡಲಂಚನ್ನೂ ಮೇಲ್ದರ್ಜೆಗೆ ಏರಿಸುತ್ತೇವೆ, ಊರಿನವರ ಅಭಿಪ್ರಾಯ ಬೇಕು ಎಂದು ನಮ್ಮನ್ನು ಕರೆದರು. ಬಾಗಿಲಲ್ಲೇ ನಮ್ಮ ಅಭಿಪ್ರಾಯಕ್ಕೆ ಸಹಿ ಹಾಕಿಸಿಕೊಂಡರು. ಒಳಗೆ ಹೋದ ಮೇಲೆ ಕಿತ್ತಳೆ ರಸ ಕೊಟ್ಟರು. ಯೋಜನೆಯ ಹೆಸರು ಬರೆದ ಟೋಪಿ ಕೊಟ್ಟರು.

ಮೇಯರ್ ಸೀ ಲಝರ್, ಅಂದರೆ ಲಝರ್ ಸಾಹೇಬರು, ಒಳನಾಡಿನ ಆಲಿವ್ ತೋಟದವರು. ಸಮುದ್ರದ ಬಗ್ಗೆ ಅವರಿಗೆ ಗೌರವವಿದೆ. ಅದಕ್ಕೇ ಈವರೆಗೆ ಅದಕ್ಕೆ ಕಾಲು ತಗುಲಿಸಿಲ್ಲ. ಅವರ ಪಕ್ಕದಲ್ಲಿ ರಾಜಧಾನಿಯಿಂದ ಬಂದ ಯೋಜನೆಯ ಅಧಿಕಾರಿ ಮದಾಮ್ ನೈರೂಝ್ ಕೂತಿದ್ದರು. ಒಳ್ಳೆಯ ಹೆಂಗಸು. ನಮ್ಮನ್ನು ನೋಡಿದಾಗೆಲ್ಲ ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದರು.

ಗೋಡೆಯ ಮೇಲೆ ಚಿತ್ರ ಬಿತ್ತು. ಬಿಳಿ ಕಲ್ಲಿನ ದಕ್ಕೆ, ಗಾಜಿನ ಬೇಲಿ, ದೀಪದ ಕಂಬ, ಹೋಟೆಲು, ಮೆಟ್ಟಿಲಿನ ಅಂಚಿನವರೆಗೂ ನೀಲಿ ನೀರು. ಚಿತ್ರದಲ್ಲಿ ಬಿಳಿ ಚಡ್ಡಿ ಹಾಕಿದ ಜನ ನಾಯಿ ಹಿಡಿದುಕೊಂಡು ನಡೆಯುತ್ತಿದ್ದರು. ಆ ನಾಯಿಗಳನ್ನು ನಾನು ನಮ್ಮೂರಲ್ಲಿ ನೋಡಿಲ್ಲ.

ಖಾಲ್ತಿ ಕೈ ಎತ್ತಿದಳು. "ಇದರಲ್ಲಿ ನಾವೆಲ್ಲಿದ್ದೀವಿ ತಾಯಿ?"

ಮದಾಮ್ ಸಂತೋಷದಿಂದ ಕೋಲು ತೆಗೆದುಕೊಂಡು ದಕ್ಕೆಯ ತುದಿಯ ಒಂದು ಚುಕ್ಕಿ ತೋರಿಸಿದರು. "ಇಲ್ಲಿ. ನಿಮ್ಮ ಪ್ರತಿಮೆ."

"ಅದು ಸರಿ. ನಮ್ಮ ಇಳಿಜಾರು ಎಲ್ಲಿ? ಕೆಸರಿಗೆ ಇಳಿಯೋ ಕಲ್ಲು?"

"ಕೆಸರು ಇರಲ್ಲ ಅಮ್ಮ. ನೋಡಿ, ನೀರಿದೆ."

"ಬೆಳಿಗ್ಗೆ ನೀರು ಹೋಗುತ್ತಲ್ಲ?"

"ಎಲ್ಲಿಗೆ ಹೋಗುತ್ತೆ?" ಮದಾಮ್ ನಕ್ಕರು. "ನಮ್ಮ ಈ ಸಮುದ್ರಕ್ಕೆ ಉಬ್ಬರವಿಳಿತ ಇಲ್ಲ ಅಮ್ಮ. ಶಾಲೆಯಲ್ಲೇ ಓದಿದ್ದೀವಿ. ನಾನು ಹುಟ್ಟಿದ್ದೇ ಸಮುದ್ರದ ದಡದಲ್ಲಿ, ಉತ್ತರದಲ್ಲಿ. ನೀರು ಇದ್ದಲ್ಲೇ ಇರುತ್ತೆ."

ಅವರ ಊರಲ್ಲಿ ಇದ್ದಲ್ಲೇ ಇರುತ್ತದಂತೆ. ಆಮೇಲೆ ನನಗೆ ಗೊತ್ತಾಯಿತು. ಈ ಗಾಬೆಸ್ ಕೊಲ್ಲಿಯೊಂದರಲ್ಲಿ ಮಾತ್ರ ನೀರು ಆಳೆತ್ತರ ಏರುತ್ತದೆ, ಆಳೆತ್ತರ ಇಳಿಯುತ್ತದೆ. ಹುಣ್ಣಿಮೆ ಅಮಾವಾಸ್ಯೆಗೆ ಕೂಗಿದರೆ ಕೇಳದಷ್ಟು ದೂರ ಹೋಗಿಬಿಡುತ್ತದೆ.

ಖಾಲ್ತಿ ನಮ್ಮ ಕಡೆ ತಿರುಗಿದಳು. "ಕೇಳಿದಿರೇನ್ರೇ? ನಾವು ಐವತ್ತು ವರ್ಷದಿಂದ ನೀರಿನ ಮೇಲೇ ನಡೀತಾ ಇದ್ದೀವಂತೆ. ಹೇಳಿದ್ರೆ ನಮಗೂ ಒಂದು ದರ್ಗಾ ಕಟ್ತಾರೆ."

ಹೆಂಗಸರು ನಕ್ಕರು. ಮೇಯರ್ ಮೇಜು ತಟ್ಟಿದರು. "ಅಲೆ ಬರುತ್ತೆ, ಹೋಗುತ್ತೆ. ಅದರಲ್ಲೇನಿದೆ? ಅಭಿವೃದ್ಧಿ ವಿಷಯ ಮಾತಾಡಿ!"

ಸಭೆ ಮುಗಿಯಿತು. ವರದಿಯಲ್ಲಿ "ಮಹಿಳೆಯರು ಹರ್ಷ ವ್ಯಕ್ತಪಡಿಸಿದರು" ಎಂದು ಬಂತು. ನಕ್ಕದ್ದು ನಿಜವೇ.

*

ನವೆಂಬರಿನಲ್ಲಿ ಯಂತ್ರಗಳು ಬಂದವು. ನಮ್ಮ ಅಜ್ಜಿಯರ ಅಂಗಾಲು ನುಣುಪು ಮಾಡಿದ್ದ ಕಲ್ಲಿನ ಇಳಿಜಾರನ್ನು ಒಂದೇ ಬೆಳಿಗ್ಗೆಯಲ್ಲಿ ಕಿತ್ತು ಲಾರಿಗೆ ತುಂಬಿದರು. ಅಲ್ಲಿ ಗಾಜಿನ ಬೇಲಿ ಎದ್ದಿತು. ಬೇಲಿಯ ನಡುವೆ ಉಕ್ಕಿನ ಗೇಟು, ಗೇಟಿನಾಚೆ ಕಡಲಿಗೆ ಇಳಿಯುವ ಬಿಳಿ ಮೆಟ್ಟಿಲು. ಗೇಟಿಗೆ ಬೀಗ. ಬೀಗದ ಮೇಲೊಂದು ಬೋರ್ಡು.

ಕೆಲಸ ಮಾಡಿದ ಇಂಜಿನಿಯರುಗಳಿಗೆ ನೀರು ಹೋಗಿ ಬರುವುದು ಗೊತ್ತಿತ್ತು. ಅವರ ಬೂಟಿಗೂ ಕೆಸರು ಮೆತ್ತಿತ್ತು. ಆದರೆ ಅವರಿಗೆ ಹೇಳಿದ್ದು ದಕ್ಕೆ ಕಟ್ಟಲು. ಕಟ್ಟಿದರು, ಹೋದರು.

ಮೀನುಗಾರರ ದೋಣಿಗಳನ್ನು ವಾಸನೆಯ ಕಾರಣಕ್ಕೆ ದೂರದ ಬಂದರಿಗೆ ಕಳಿಸಿದರು. ದೋಣಿಯಿಲ್ಲದ ತೀಜಾನಿಗೆ ಟೋಪಿ, ಸೀಟಿ, ಒಂದು ದಪ್ಪ ಪುಸ್ತಕ ಕೊಟ್ಟು ಗೇಟಿನ ಕಾವಲಿಗೆ ಕೂರಿಸಿದರು. ಅವನು ನಮ್ಮದೇ ಓಣಿಯವನು. ಮೊದಲ ದಿನ ನಮ್ಮನ್ನು ನೋಡಿ ಸೀಟಿ ಊದಿದವನು, ಊದಿದ ಮೇಲೆ ಮುಖ ತಿರುಗಿಸಿ ಕೂತ.

"ಏನೋ ತೀಜಾನಿ, ನನ್ನ ಕಂಕುಳಲ್ಲಿ ಆಡಿದವನು ನನಗೇ ಸೀಟಿ ಊದ್ತೀಯೇನೋ?" ಅಂದಳು ಖಾಲ್ತಿ.

"ಊದದಿದ್ರೆ ನನ್ನ ಕೆಲಸದಿಂದ ತೆಗೀತಾರೆ ಖಾಲ್ತಿ. ನೀವು ಕಾಣಿಸ್ಕೋಬೇಡಿ, ನಾನು ಊದಲ್ಲ."

ನಾಲ್ಕು ತಿಂಗಳು ನಾವು ಕಾಣಿಸಿಕೊಳ್ಳಲಿಲ್ಲ. ಬಕೆಟ್ಟು ಹೊತ್ತು ಎರಡು ಗಂಟೆ ನಡೆದು ಪಕ್ಕದೂರಿನ ಕೆಸರಿಗೆ ಹೋದೆವು. ಅದು ಆ ಊರಿನ ಹೆಂಗಸರ ಕೆಸರು. ಅವರು ಆರಿಸಿ ಮುಗಿಸುವ ತನಕ ನಾವು ದಡದಲ್ಲಿ ಕುಕ್ಕರುಗಾಲಲ್ಲಿ ಕೂರಬೇಕು. ಅವರು ಹತ್ತಿದ ಮೇಲೆ ಅವರು ಬಿಟ್ಟದ್ದನ್ನು ಕೆದಕಬೇಕು. ಅಷ್ಟರಲ್ಲಿ ನೀರು ವಾಪಸು ಬರುತ್ತಿತ್ತು. ಸೊಂಟದವರೆಗೆ ನೆನೆದು, ಚಳಿಗಾಳಿಯಲ್ಲಿ, ಬಕೆಟ್ಟಿನ ತಳವೂ ಮುಚ್ಚದಷ್ಟು ಚಿಪ್ಪಿ ಹೊತ್ತು ಮತ್ತೆ ಎರಡು ಗಂಟೆ ನಡೆಯಬೇಕಿತ್ತು.

"ನಿಮ್ಮೂರಲ್ಲಿ ಗಾಜಿನ ಬೇಲಿ ಇದೆಯಂತಲ್ಲ?" ಎಂದು ಅವರಲ್ಲೊಬ್ಬಳು ಕೇಳಿದಳು. "ಅದನ್ನೇ ನೆಕ್ಕಿ ಹೋಗ್ರೇ."

ನಾವು ಕೆದಕುತ್ತಲೇ ಇದ್ದೆವು. ಅವಳ ಜಾಗದಲ್ಲಿ ನಾವಿದ್ದರೂ ಅದನ್ನೇ ಅನ್ನುತ್ತಿದ್ದೆವು. ಆ ಚಳಿಗಾಲ ಅಮ್ಮನ ಮುಲಾಮು ಎರಡು ಸಲ ತಪ್ಪಿತು. ಅವಳು ಬೆಳಿಗ್ಗೆ ಗೋಡೆ ಹಿಡಿದು ಏಳುವಾಗ ನಾನು ಕಾಣದವಳ ಹಾಗೆ ಒಲೆ ಊದುತ್ತಿದ್ದೆ.

*

ಫೆಬ್ರವರಿ ಕೊನೆಗೆ ಮದಾಮ್ ನೈರೂಝ್ ನಮ್ಮನ್ನು ಹುಡುಕಿಕೊಂಡು ಬಂದರು. ಎದೆಯ ಮೇಲೆ ಕೈ ಇತ್ತು.

"ಉದ್ಘಾಟನೆಗೆ ನೀವು ಬೇಕು. ನಿಮ್ಮ ಕಸುಬು ನಮ್ಮ ಪರಂಪರೆ."

"ಬೀಗ ತೆಗೀತೀರಾ?" ಖಾಲ್ತಿ ಕೇಳಿದಳು.

"ರಾಜಧಾನಿಯಿಂದ ಬಹಳ ದೊಡ್ಡ ಅತಿಥಿ ಬರ್ತಾರೆ. ಅವರಿಗೆ ನಿಮ್ಮ ಕೆಲಸ ಇಷ್ಟ ಆದ್ರೆ, ವಾರಕ್ಕೆ ಎರಡು ದಿನ ಗೇಟು ತೆರೆಯೋ ಬಗ್ಗೆ ಪರಿಶೀಲನೆ ಮಾಡೋಕೆ ಶಿಫಾರಸು ಮಾಡಬಹುದು."

ಇದರಲ್ಲಿ ಬೀಗ ಎಲ್ಲಿ, ಕೀಲಿ ಎಲ್ಲಿ ಎಂದು ಗೊತ್ತಾಗಲಿಲ್ಲ. ಆದರೂ ಎರಡು ದಿನ ಎಂಬ ಮಾತು ಕಿವಿಗೆ ಬಿತ್ತು. ನಮ್ಮ ಕೆಸರು, ನಮ್ಮ ಮನೆಯಿಂದ ನೂರು ಹೆಜ್ಜೆ. ಒಪ್ಪಿದೆವು. ಹನ್ನೆರಡು ಹೆಂಗಸರನ್ನು ಆರಿಸಿದರು. ಕಂಚಿನವಳ ಮುಖ ಇದೆ ಎಂದು ನನ್ನನ್ನು ಮುಂದೆ ನಿಲ್ಲಿಸಿದರು.

ತಾಲೀಮು ನಡೆಯಿತು. ದಕ್ಕೆಯ ಕಾಂಕ್ರೀಟಿನ ಮೇಲೆ ಮರದ ದೊಡ್ಡ ಪೆಟ್ಟಿಗೆ ಮಾಡಿ ಅದರಲ್ಲಿ ಬಿಳಿ ಮರಳು ತುಂಬಿದ್ದರು. ಮರಳು ಎಲ್ಲಿಂದಲೋ ತರಿಸಿದ್ದು, ಸೋಸಿದ್ದು. ಆ ಮರಳಿನಲ್ಲಿ ಪೇಟೆಯಿಂದ ಕೊಂಡು ತಂದ ಚಿಪ್ಪಿ ಹುಗಿದಿದ್ದರು. ನಾವು ರೇಷ್ಮೆಯಂಚಿನ ಕೆಂಪು ಬಟ್ಟೆ ಸುತ್ತಿಕೊಂಡು, ಹುಲ್ಲಿನ ಟೋಪಿ ಹಾಕಿಕೊಂಡು, ಪೆಟ್ಟಿಗೆಯೊಳಗೆ ಬಗ್ಗಿ ಅದನ್ನು ಆರಿಸಬೇಕು. ಕಬ್ಬಿಣದ ಕುಡುಗೋಲು ದೊಡ್ಡವರ ಭದ್ರತೆಗೆ ಒಳ್ಳೆಯದಲ್ಲ ಎಂದು ತೆಳು ಹಲಗೆಯ ಕುಡುಗೋಲು ಕೊಟ್ಟರು. ಬೆಳ್ಳಿ ಬಣ್ಣ ಬಳಿದಿತ್ತು.

ಖಾಲ್ತಿ ಎರಡು ಚಿಪ್ಪಿ ಎತ್ತಿ ಒಂದಕ್ಕೊಂದು ತಟ್ಟಿ ಕಿವಿಗೆ ಹಿಡಿದಳು. ಬದುಕಿದ ಚಿಪ್ಪಿ ಕಲ್ಲಿನ ಹಾಗೆ ಸದ್ದು ಮಾಡುತ್ತದೆ. ಇವು ಟೊಳ್ಳಾಗಿ ಸದ್ದು ಮಾಡಿದವು.

"ಸತ್ತಿವೆ ತಾಯಿ. ಮೂರು ದಿನ ಆಗಿದೆ."

"ಪರವಾಗಿಲ್ಲ, ದೂರದಿಂದ ಗೊತ್ತಾಗಲ್ಲ."

"ನಮಗೆ ಹತ್ತಿರದಿಂದ ಗೊತ್ತಾಗುತ್ತೆ."

"ಮುಖದ ಮೇಲೆ ಸ್ವಲ್ಪ ನಗು ಇರಲಿ. ಮತ್ತೆ ಹಿಂದೆ ಹಿಂದೆ ನಡೆಯೋದು ಬೇಡ. ಅತಿಥಿಗಳಿಗೆ ನಿಮ್ಮ ಬೆನ್ನು ಕಾಣುತ್ತೆ, ಅದು ಮರ್ಯಾದೆ ಅಲ್ಲ. ಮುಂದಕ್ಕೆ ನಡೀರಿ."

ನಾವು ನಾತದ ನಡುವೆ ಮುಂದಕ್ಕೆ ನಡೆಯುವುದನ್ನು ಕಲಿತೆವು. ಒಬ್ಬರ ಮೇಲೊಬ್ಬರು ಬಿದ್ದೆವು. ಹೋಟೆಲಿನ ಕಟ್ಟೆಯ ಮೇಲೆ ನಿಂತ ಕೆಲಸಗಾರರು ಚಪ್ಪಾಳೆ ತಟ್ಟಿದರು. ಹನ್ನೆರಡು ವರ್ಷ ಕೆಸರಿನಲ್ಲಿ ಬಗ್ಗಿದ್ದೇನೆ, ಒಂದು ದಿನವೂ ನಾಚಿಕೆಯಾಗಿರಲಿಲ್ಲ. ಅಂದು ಒಣ ಕಾಂಕ್ರೀಟಿನ ಮೇಲೆ ಬಗ್ಗಿ ನನ್ನ ಕಿವಿ ಕಾದು ಕೆಂಪಾದವು.

ಅಂದೇ ಮದಾಮ್ ಕಾರ್ಯಕ್ರಮ ಓದಿ ಹೇಳಿದರು. ಮಾರ್ಚ್ ಹುಣ್ಣಿಮೆಯ ಮಾರನೆಯ ಬೆಳಿಗ್ಗೆ ಹತ್ತು ಗಂಟೆ. ಬೆಳಕು ಚೆನ್ನಾಗಿರುತ್ತದೆ. ದೊಡ್ಡ ಅತಿಥಿ ಬಿಳಿ ದೋಣಿಯಲ್ಲಿ ಕಡಲಿನಿಂದ ಬರುತ್ತಾರೆ. ಮೆಟ್ಟಿಲಿಗೆ ದೋಣಿ ತಾಗಿಸುತ್ತಾರೆ. ಚಿನ್ನದ ಬಣ್ಣದ ಕೀಲಿಯಿಂದ ತಮ್ಮ ಕೈಯಾರೆ ಗೇಟಿನ ಬೀಗ ತೆರೆದು ಜನರ ನಡುವೆ ಹತ್ತಿ ಬರುತ್ತಾರೆ.

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿದರು. ಮಾರ್ಚ್ ಹುಣ್ಣಿಮೆಯ ಇಳಿತ ವರ್ಷದಲ್ಲೇ ದೊಡ್ಡದು. ಆ ಹೊತ್ತಿಗೆ ಮೆಟ್ಟಿಲ ಬುಡದಲ್ಲಿ ಕಾಲು ತೊಳೆಯುವಷ್ಟು ನೀರೂ ಇರುವುದಿಲ್ಲ.

ಹೇಳಬೇಕು ಅನಿಸಿತು. ಹೇಗೋ ಮದಾಮ್ ಹತ್ತಿರ ಹೋಗಿ ಅಂದೆ: "ಮದಾಮ್, ಆವತ್ತು ಹತ್ತು ಗಂಟೆಗೆ ಇಲ್ಲಿ ನೀರಿರಲ್ಲ."

ಅವರು ನನ್ನ ಕೆನ್ನೆ ತಟ್ಟಿದರು. "ನೀನು ಮಾತಾಡೋ ಹಾಗಿಲ್ಲ ಮಗು. ನಿನ್ನದು ಮೌನ ಪಾತ್ರ."

ತೀಜಾನಿಯೂ ಮೇಯರ್ ಹತ್ತಿರ ಹೇಳಿದನಂತೆ. "ನಿನಗೆ ಕೊಟ್ಟಿರೋದು ಸೀಟಿ," ಅಂದರಂತೆ ಅವರು. "ಅದನ್ನ ಊದು, ಸಾಕು."

*

ಆ ಬೆಳಿಗ್ಗೆ ಬೆಳಕು ನಿಜಕ್ಕೂ ಚೆನ್ನಾಗಿತ್ತು. ಶಾಮಿಯಾನ, ಬಾವುಟ, ವಾದ್ಯದವರು, ಕುರ್ಚಿಗಳ ಸಾಲು. ಊರಿನ ಜನ ಹಗ್ಗದ ಆಚೆ. ನಾವು ಹನ್ನೆರಡು ಜನ ಪೆಟ್ಟಿಗೆಯೊಳಗೆ. ಚಿಪ್ಪಿ ಹೊಸದಾಗಿ ತರಿಸಲಿಲ್ಲ, ತಾಲೀಮಿನವೇ ಇದ್ದವು. ಮೊದಲ ಸಾಲಿನ ಕುರ್ಚಿಯವರು ಕರವಸ್ತ್ರ ಮೂಗಿಗೆ ಹಿಡಿದು, ಸಮುದ್ರದ ಗಾಳಿ ಆರೋಗ್ಯಕ್ಕೆ ಒಳ್ಳೆಯದು ಎಂದು ಮಾತಾಡಿಕೊಂಡರು.

ಎಂಟಕ್ಕೆ ಮೆಟ್ಟಿಲ ಮೇಲೆ ನೀರಿತ್ತು. ಒಂಬತ್ತಕ್ಕೆ ಮೆಟ್ಟಿಲ ಬುಡ ಕಂಡಿತು. ಮೇಯರ್ ಒಮ್ಮೆ ಇಣುಕಿ ನೋಡಿದರು. ಕೈಗಡಿಯಾರ ನೋಡಿದರು. ಒಂಬತ್ತೂವರೆಗೆ ದಕ್ಕೆಯ ಕಂಬಗಳೆಲ್ಲ ಕೆಸರಿನಲ್ಲಿ ಬರಿಗಾಲಲ್ಲಿ ನಿಂತಿದ್ದವು. ಮೇಯರ್ ಮದಾಮ್ ಕಡೆ ನೋಡಿದರು. ಮದಾಮ್ ಎದೆಯ ಮೇಲೆ ಕೈ ಇಟ್ಟುಕೊಂಡರು.

"ನೀರು ಎಲ್ಲಿ ಹೋಯ್ತು?"

"ಯಾರನ್ನ ಕೇಳ್ತೀರಿ ಸೀ ಲಝರ್?" ಅಂದಳು ಖಾಲ್ತಿ ಪೆಟ್ಟಿಗೆಯೊಳಗಿಂದ. "ಅಭಿವೃದ್ಧಿ ವಿಷಯ ಮಾತಾಡಿ."

ಬಿಳಿ ದೋಣಿ ಹತ್ತು ಗಂಟೆಗೆ ಸರಿಯಾಗಿ ಬಂತು. ಅದನ್ನು ನಡೆಸುತ್ತಿದ್ದವನು ಉತ್ತರದವನು, ನೀರು ಇದ್ದಲ್ಲೇ ಇರುವ ಊರಿನವನು. ವಾದ್ಯದವರು ಊದತೊಡಗಿದರು. ದೋಣಿ ದಕ್ಕೆಯಿಂದ ಇನ್ನೂರು ಹೆಜ್ಜೆ ದೂರದಲ್ಲಿ ಒಮ್ಮೆ ಕೆಮ್ಮಿತು. ಕೆಸರು ಕಾರಂಜಿಯ ಹಾಗೆ ಹಿಂದಕ್ಕೆ ಹಾರಿತು. ಆಮೇಲೆ ದೋಣಿ ನಿಂತುಬಿಟ್ಟಿತು. ಅದರ ಸುತ್ತ ಇದ್ದ ಅಷ್ಟಿಷ್ಟು ನೀರೂ ನೋಡನೋಡುತ್ತಿದ್ದಂತೆ ಸರಿದುಹೋಯಿತು. ದೋಣಿ ಮೆಲ್ಲಗೆ ಒಂದು ಮಗ್ಗುಲಿಗೆ ವಾಲಿತು. ಮುಂಭಾಗದಲ್ಲಿ ಕರಿ ಸೂಟು ಹಾಕಿ ಕೈ ಬೀಸುತ್ತಿದ್ದ ದೊಡ್ಡ ಅತಿಥಿ ಬೀಸುವುದನ್ನು ನಿಲ್ಲಿಸಿ ಹಗ್ಗ ಹಿಡಿದುಕೊಂಡರು.

ವಾದ್ಯದವರಿಗೆ ನಿಲ್ಲಿಸಿ ಎಂದು ಯಾರೂ ಹೇಳಲಿಲ್ಲ. ಅವರು ಊದುತ್ತಲೇ ಇದ್ದರು.

ಮೇಯರ್ ಕಚೇರಿಯ ಒಬ್ಬ ಗುಮಾಸ್ತ ಬೇಲಿ ಹತ್ತಿ ಆಚೆ ಹಾರಿದ. ಮೂರು ಹೆಜ್ಜೆಗೆ ಮಂಡಿಯವರೆಗೆ ಹೋದ, ಐದಕ್ಕೆ ತೊಡೆಯವರೆಗೆ. ಕೆಸರಿನಲ್ಲಿ ಹಿಮ್ಮಡಿ ಊರಬಾರದು. ಬೆರಳು ಅಗಲಿಸಿ ಮೆಲ್ಲಗೆ ಜಾರಬೇಕು. ಅದು ಬರಬೇಕಾದರೆ ಎರಡು ಚಳಿಗಾಲ ಬೇಕು. ಗುಮಾಸ್ತ ಬೂಟು ಎರಡನ್ನೂ ಕೆಸರಿಗೆ ಕೊಟ್ಟು, ಹೊಟ್ಟೆಯ ಮೇಲೆ ತೆವಳಿ ವಾಪಸು ಬಂದ.

ಆಗ ಮೇಯರಿಗೆ ನಾವು ಕಂಡೆವು.

"ಏನು ನೋಡ್ತಾ ಕೂತಿದ್ದೀರಿ? ಏಳಿ! ಇಳೀರಿ! ಸಾಹೇಬ್ರನ್ನ ಹೊತ್ಕೊಂಡು ಬನ್ನಿ! ನಿಮಗೆ ಈ ಕೆಸರು ಗೊತ್ತಲ್ಲ!"

ಯಾರೂ ಏಳಲಿಲ್ಲ.

"ಕಿವಿ ಕೇಳಿಸಲ್ವಾ?"

"ನಮ್ದು ಮೌನ ಪಾತ್ರ ಕಣಪ್ಪಾ," ಅಂದಳು ಖಾಲ್ತಿ.

ಮೇಯರ್ ನನ್ನ ಕಡೆ ತಿರುಗಿದರು. ನಾನು ಮುಂದೆ ಇದ್ದೆ, ಕಿರಿಯವಳಾಗಿದ್ದೆ, ಎಂದೂ ಬಾಯಿ ತೆರೆಯದವಳು. ನನ್ನ ತೋಳು ಹಿಡಿದು ಪೆಟ್ಟಿಗೆಯಿಂದ ಹೊರಗೆ ಎಳೆದರು. ಗೇಟಿನವರೆಗೆ ನಡೆಸಿದರು. "ನೀನು ಹೋಗು. ನೀನು ಹೋದ್ರೆ ಅವರೂ ಬರ್ತಾರೆ."

ನನ್ನ ಮುಂದೆ ಬೋರ್ಡಿತ್ತು. ನಾಲ್ಕು ತಿಂಗಳಿಂದ ಅದನ್ನು ದೂರದಿಂದ ನೋಡಿದ್ದೆ. ಹತ್ತಿರದಿಂದ ಓದಿರಲಿಲ್ಲ. ನಾಲ್ಕನೇ ತರಗತಿಯವಳ ಓದು ನಿಧಾನ. ಅಕ್ಷರದ ಮೇಲೆ ಬೆರಳಿಟ್ಟು ಓದಿದೆ. ಮನಸ್ಸಿನಲ್ಲಿ ಓದಲು ನನಗೆ ಬರುವುದಿಲ್ಲ, ಗಟ್ಟಿಯಾಗಿಯೇ ಓದಬೇಕು.

"ಕಡಲಂಚಿನ ಸೌಂದರ್ಯ ವಲಯ. ಚಿಪ್ಪಿ ಆರಿಸುವವರು ಇಲ್ಲಿಂದ ಇಳಿಯುವುದನ್ನು ನಿಷೇಧಿಸಲಾಗಿದೆ. ಮೀರಿದವರ ಮೇಲೆ ಕ್ರಮ ಜರುಗಿಸಲಾಗುವುದು."

ವಾದ್ಯ ಅಷ್ಟರಲ್ಲಿ ನಿಂತಿತ್ತು. ನನ್ನ ದನಿ ಹಗ್ಗದ ಆಚೆಗೂ ಕೇಳಿರಬೇಕು. ಅಲ್ಲಿ ಯಾರೋ ಸಣ್ಣಗೆ ಹೋ ಎಂದರು.

"ಅದು ಇವತ್ತಿಗಲ್ಲ!" ಮೇಯರ್ ಕಿರುಚಿದರು.

"ಇವತ್ತಿಗಲ್ಲ ಅಂತ ಬರೆದಿಲ್ಲ, ಸೀ ಲಝರ್."

"ನಾನು ಹೇಳ್ತಿದ್ದೀನಲ್ಲ!"

"ಇಲ್ಲ."

"ಏನು ಇಲ್ಲ?"

ಗೇಟಿನ ಕಂಬ ಹಿಡಿದುಕೊಂಡೆ. "ಇಳಿಯಲ್ಲ. ಬೋರ್ಡು ಇರೋ ತನಕ ಇಳಿಯಲ್ಲ. ಬೋರ್ಡು ಕೀಳಿ, ಬೀಗ ತೆಗೀರಿ. ಇಳೀತೀವಿ."

ಹೊರುತ್ತೇವೆ ಎಂದು ನಾನು ಹೇಳಲಿಲ್ಲ. ಅವರು ಕೇಳಲೂ ಇಲ್ಲ.

"ಬೀಗ ತೆಗೀರಿ!" ಮೇಯರ್ ಕೂಗಿದರು. "ಕೀಲಿ ಎಲ್ಲಿ?"

ಮದಾಮ್ ನೈರೂಝ್ ದೋಣಿಯ ಕಡೆ ಕೈ ತೋರಿಸಿದರು. ಅಲ್ಲಿ ಅತಿಥಿಯ ಪಕ್ಕದಲ್ಲಿ ಒಬ್ಬಾತ ವಾಲಿಕೊಂಡೇ ಕೆಂಪು ದಿಂಬು ಹಿಡಿದು ನಿಂತಿದ್ದ. ದಿಂಬಿನ ಮೇಲೆ ಕೀಲಿ ಬಿಸಿಲಿಗೆ ಹೊಳೆಯುತ್ತಿತ್ತು.

ಮೇಯರ್ ಸುತ್ತ ನೋಡಿದರು. ಶಾಮಿಯಾನದ ಗೂಟ ಬಡಿದ ಸುತ್ತಿಗೆ ಅಲ್ಲೇ ಬಿದ್ದಿತ್ತು. ಕೋಟು ಬಿಚ್ಚಿ ತೀಜಾನಿಯ ಕೈಗೆ ಕೊಟ್ಟರು. ಎರಡು ಏಟಿಗೆ ಬೋರ್ಡು ಬಿತ್ತು. ಬೀಗಕ್ಕೆ ಮೂರು ಏಟು. ಆಲಿವ್ ತೋಟದ ಮೈ, ಏಟಿನಲ್ಲಿ ಬಲವಿತ್ತು. ಮೂರನೆಯದಕ್ಕೆ ಬೀಗ ಬಾಯಿ ಬಿಟ್ಟಿತು. ಅವರು ಸುತ್ತಿಗೆ ಎಸೆದು ಗೇಟು ತಳ್ಳಿ, ಬಗ್ಗಿ, ಎರಡೂ ಕೈಯಿಂದ ನಮಗೆ ದಾರಿ ತೋರಿಸಿದರು. ನಮ್ಮ ಉದ್ಘಾಟನೆ ಹೀಗೆ ಆಯಿತು.

*

ಚಪ್ಪಲಿ ಬಿಟ್ಟು ಇಳಿದೆವು. ನಾಲ್ಕು ತಿಂಗಳ ಮೇಲೆ ಅಂಗಾಲಿಗೆ ನಮ್ಮ ಕೆಸರು ತಗುಲಿತು. ತಣ್ಣಗಿತ್ತು. ಬೆರಳುಗಳ ನಡುವೆ ಮೇಲೆ ಬಂತು.

ನಾಲ್ಕು ತಿಂಗಳು ಯಾರೂ ಮುಟ್ಟದ ನೆಲ. ಒಂದು ಹೆಜ್ಜೆ ಎತ್ತಿ ಹಿಂದಿಟ್ಟೆ. ತುಳಿದು ಬಿಟ್ಟ ಜಾಗದಲ್ಲಿ ಒಂದು ಜೋಡಿ ಕಣ್ಣಲ್ಲ, ಏಳು ಜೋಡಿ ತೆರೆದುಕೊಂಡವು. ಇನ್ನೊಂದು ಹೆಜ್ಜೆಗೆ ಒಂಬತ್ತು. ನೆಲವೆಲ್ಲ ನನ್ನನ್ನೇ ನೋಡುತ್ತಿದ್ದ ಹಾಗಿತ್ತು.

"ನೇರ ಹೋಗಿ! ದೋಣಿಗೆ ಹೋಗಿ!" ಮೇಯರ್ ಮೇಲಿಂದ ಕೂಗುತ್ತಿದ್ದರು.

ಖಾಲ್ತಿ ಬಗ್ಗಿ ಬೆಳ್ಳಿ ಬಣ್ಣದ ಕುಡುಗೋಲಿನಿಂದ ಮೀಟಿದಳು. ಹಲಗೆ ಲಟಕ್ಕನೆ ಮುರಿಯಿತು. ಅದನ್ನು ಎತ್ತಿ ದಕ್ಕೆಯ ಮೇಲಕ್ಕೆ ಎಸೆದಳು. ಹಗ್ಗದ ಆಚೆಗಿನ ಹೆಂಗಸರ ಕಡೆ ತಿರುಗಿ ಕೈ ಎತ್ತಿದಳು. "ಲೇ! ಏನು ಮದುವೆ ನೋಡ್ತಾ ನಿಂತಿದ್ದೀರಾ? ಗೇಟು ತೆಗೆದಿದ್ದಾರೆ, ಕುಡುಗೋಲು ತನ್ರೇ!"

ತಂದರು. ಮನೆ ನೂರು ಹೆಜ್ಜೆ ದೂರ. ನಮಗೂ ತಂದರು, ತಮಗೂ ತಂದರು. ಉಳಿದ ಇಪ್ಪತ್ತೆಂಟು ಹೆಂಗಸರು ಬಕೆಟ್ಟು ಹೊತ್ತು ಮೊದಲ ಸಾಲಿನ ಕುರ್ಚಿಗಳ ಮುಂದಿನಿಂದಲೇ ಇಳಿದು ಬಂದರು. ಅಮ್ಮನ ಕುಡುಗೋಲು ಕೈಯಿಂದ ಕೈಗೆ ನನ್ನವರೆಗೆ ಬಂತು. ದಕ್ಕೆಯ ಮೇಲೆ ಹಗ್ಗ ಹಿಡಿದು ಅಮ್ಮ ನಿಂತಿದ್ದಳು.

ನಲವತ್ತು ಬೆನ್ನು ಬಗ್ಗಿದವು. ಹಿಂದೆ ಹಿಂದೆ ನಡೆಯತೊಡಗಿದೆವು. ದೋಣಿಯ ಕಡೆಗೇ ಹೋಗುತ್ತಿದ್ದೆವು, ಸುಳ್ಳಲ್ಲ. ಆದರೆ ಅತಿಥಿಗೆ ಕಂಡದ್ದು ತಮ್ಮ ಕಡೆ ನಿಧಾನವಾಗಿ ಬರುತ್ತಿದ್ದ ನಲವತ್ತು ಹಿಂಭಾಗಗಳು. ಮರ್ಯಾದೆಯಲ್ಲ ಎಂದು ಮದಾಮ್ ಮೊದಲೇ ಹೇಳಿದ್ದರು.

ನಾನು ದೋಣಿಯ ಹತ್ತಿರ ಬರುವಾಗ ಬಕೆಟ್ಟು ಮುಕ್ಕಾಲು ತುಂಬಿತ್ತು. ಮೇಲಿನಿಂದ ದನಿ ಬಂತು.

"ಮಗಳೇ, ಬಂದ್ಯಾ? ಕೈ ಕೊಡು. ಎಲ್ಲಿ, ನಾಲ್ಕು ಜನ ಬನ್ನಿ, ನನ್ನನ್ನ ಎತ್ತಿ."

ತಲೆ ಎತ್ತಿದೆ. "ಶೂ ಬಿಚ್ಚಿ ಇಳೀರಿ ಸಾಹೇಬ್ರೇ. ನಡೆಯೋದು ಹೇಳಿಕೊಡ್ತೀನಿ. ಹಿಮ್ಮಡಿ ಊರಬಾರದು, ಅಷ್ಟೇ."

ಅವರು ಶೂ ನೋಡಿಕೊಂಡರು. ಕೆಸರು ನೋಡಿದರು. ಬಿಚ್ಚಲಿಲ್ಲ. "ನಾನು ನಡೆಯೋದಾ? ಹೊತ್ಕೊಂಡು ಹೋಗೋಕೆ ಬಂದವರಲ್ವಾ ನೀವು?"

"ಅಲ್ಲ. ಚಿಪ್ಪಿಗೆ ಬಂದವರು."

"ನಿನ್ನನ್ನ ಎಲ್ಲೋ ನೋಡಿದ್ದೀನಲ್ಲ?"

"ದಕ್ಕೆ ಮೇಲೆ ನಿಂತಿದ್ದೀನಿ ನೋಡಿ. ಅವಳನ್ನ ಕರೀರಿ, ಬಂದರೂ ಬಂದಾಳು."

ಅವರು ತಿರುಗಿ ಕಂಚಿನವಳನ್ನು ನೋಡಿದರು. ಸಣ್ಣ ದನಿಯಲ್ಲಿ ಕೇಳಿದರು: "ನೀರು ಯಾವಾಗ ಬರುತ್ತೆ?"

ಅದೊಂದೇ ಪ್ರಶ್ನೆಯನ್ನು ಮೊದಲೇ ಯಾರಾದರೂ ಕೇಳಿದ್ದರೆ ಸಾಕಿತ್ತು.

"ಮಸೀದಿಯಲ್ಲಿ ಮಧ್ಯಾಹ್ನದ ಬಾಂಗ್ ಆದ ಮೇಲೆ," ಎಂದು ಹೇಳಿ ಮತ್ತೆ ಬಗ್ಗಿದೆ.

*

ಮರುದಿನದ ಪತ್ರಿಕೆಯಲ್ಲಿ ಚಿತ್ರ ಬಂದಿತ್ತು. "ದೊಡ್ಡ ಅತಿಥಿಗಳು ಕಡಲ ನಡುವಿನಿಂದಲೇ ಮೂರು ಗಂಟೆ ಕಾಲ ಪಾರಂಪರಿಕ ಕಸುಬನ್ನು ಆಸಕ್ತಿಯಿಂದ ವೀಕ್ಷಿಸಿದರು" ಎಂದು ಕೆಳಗೆ ಬರೆದಿತ್ತು.

ನಾಲ್ಕನೇ ದಿನ ಗೇಟಿಗೆ ಹೊಸ ಬೀಗ ಬಿತ್ತು. ಹಳೆಯದಕ್ಕಿಂತ ದಪ್ಪ. ಬೋರ್ಡು ಮೊದಲಿನದರ ಎರಡರಷ್ಟು. ಮೇಯರ್ ಎದುರಿಗೆ ಸಿಕ್ಕರೆ ನಮ್ಮನ್ನು ಕಾಣದವರ ಹಾಗೆ ಹೋಗುತ್ತಿದ್ದರು. ಮದಾಮ್ ನೈರೂಝ್ ಅವರಿಂದ ಒಂದು ಕಾಗದ ಬಂತು. ನಮ್ಮ ವರ್ತನೆಯಿಂದ ಪರಂಪರೆಗೆ ನೋವಾಗಿದೆ ಎಂದಿತ್ತು.

ಹುಣ್ಣಿಮೆ ಕಳೆದು ಹದಿನೈದನೇ ದಿನ ಅಮಾವಾಸ್ಯೆ ಬಂತು. ಬೆಳಿಗ್ಗೆ ಎಂಟೂವರೆಗೆ ನೀರು ಹೊರಟಿತು. ಓಣಿಯಲ್ಲಿ ಯಾರೂ ಪಕ್ಕದೂರಿನ ದಾರಿ ಹಿಡಿಯಲಿಲ್ಲ. ಖಾಲ್ತಿಯ ಬಕೆಟ್ಟಿನಲ್ಲಿ, ಹಳೇ ಬಟ್ಟೆಯಲ್ಲಿ ಸುತ್ತಿದ ಸುತ್ತಿಗೆ ಇತ್ತು. ಮೇಯರ್ ಅಂದು ಎಸೆದದ್ದು. ಅವಳು ಅದನ್ನು ಬಿಚ್ಚಿ ನನಗೆ ಕೊಟ್ಟಳು.

"ನನ್ನ ಭುಜದಲ್ಲಿ ಶಕ್ತಿ ಇಲ್ಲ ಹುಡುಗಿ. ಅವರು ಹೊಡೆದ ಹಾಗೇ ಹೊಡಿ. ನೋಡಿದ್ದೀಯಲ್ಲ?"

ನೋಡಿದ್ದೆ. ಎಲ್ಲವನ್ನೂ ನೋಡಿಯೇ ಕಲಿತವಳು ನಾನು. ಬೀಗದ ಕೊರಳಿಗೆ, ಮೇಲಿನಿಂದ ಓರೆಯಾಗಿ. ಅವರಿಗೆ ಮೂರು ಏಟು ಬೇಕಾಗಿತ್ತು, ನನಗೆ ಆರು.

ತೀಜಾನಿ ಸೀಟಿಯನ್ನು ಬಾಯಿಗಿಟ್ಟುಕೊಂಡ. ಊದಲಿಲ್ಲ. ಪುಸ್ತಕ ತೆಗೆದ.

"ಯಾರು ಒಡೆದರು ಅಂತ ಬರೀಬೇಕು ಕಣೇ. ಬರೀದಿದ್ರೆ ನನಗೆ ಉಳಿಗಾಲ ಇಲ್ಲ."

"ಮೊದಲನೇ ಬೀಗಕ್ಕೆ ಯಾರು ಅಂತ ಬರೆದಿದ್ದೀಯ?"

ಪುಟ ತಿರುವಿ ತೋರಿಸಿದ. ಬೆರಳಿಟ್ಟು ಓದಿದೆ. ಗಾಳಿ ಎಂದಿತ್ತು.

"ಹಂಗೇ ಬರೀಲಾ?" ಅವನು ಮೆಲ್ಲಗೆ ಕೇಳಿದ.

"ಇವತ್ತು ಗಾಳಿ ಇಲ್ಲ ತೀಜಾನಿ. ಹಲೂಮಾ ಅಂತ ಬರಿ. ಯೂನುಸನ ಮಗಳು ಹಲೂಮಾ, ಚಿಪ್ಪಿ ಆರಿಸುವವಳು. ಪೂರ್ತಿ ಬರಿ."

ಅವನು ಬರೆದು ಮುಗಿಸುವ ತನಕ ಅಲ್ಲೇ ನಿಂತಿದ್ದೆ. ನನ್ನ ಬೆನ್ನ ಹಿಂದೆ ಮೂವತ್ತೊಂಬತ್ತು ಬಕೆಟ್ಟುಗಳು ಸದ್ದು ಮಾಡುತ್ತಿದ್ದವು. ಅಕ್ಷರ ಸರಿಯಿದೆಯೇ ನೋಡಿದೆ. ಸರಿಯಿತ್ತು. ಸುತ್ತಿಗೆಯನ್ನು ಬಕೆಟ್ಟಿಗೆ ಹಾಕಿಕೊಂಡು, ಚಪ್ಪಲಿಯನ್ನು ಕಂಚಿನವಳ ಕಾಲ ಬಳಿ ಬಿಟ್ಟು, ಇಳಿದೆ.